ಸಿಲ್ವರ್ ಮರದಲ್ಲಿ ಗೋಡೌನಿನ ಮಾಡು ಕಟ್ಟಿದ್ದು

2019ರ ಆಗಸ್ಟ್ ಮಳೆಯನ್ನು ಮೂಡಿಗೆರೆ ಕಡೆಯವರು ಯಾರೂ ಮರೆತಿಲ್ಲ. ಗುಡ್ಡ ಜರಿದು ತೋಟ, ಮನೆ ಕಳೆದುಕೊಂಡವರ ಎದುರು ನಮ್ಮ ನಷ್ಟ ಏನೇನೂ ಅಲ್ಲ. ಕಾಫಿ ಗೋಡೌನಿನ ಹಿಂದಿನ ಗೋಡೆ ಕುಸಿದು ಅರ್ಧ ಮಾಡು, ಅಂದರೆ ಛಾವಣಿ, ಕೆಳಗೆ ಬಂತು. ತೋಟದಲ್ಲಿ ಏಳು ಸಿಲ್ವರ್ ಮರ, ಅಂದರೆ ಸಿಲ್ವರ್ ಓಕ್, ಬುಡ ಸಮೇತ ಮಲಗಿದವು. ಅಷ್ಟೇ.

ಸಿಲ್ವರ್ ಬಿದ್ದರೆ ನಮ್ಮ ಕಡೆ ಯಾರೂ ಮರ ಹೋಯ್ತಲ್ಲ ಅಂತ ಬೇಜಾರು ಮಾಡಿಕೊಳ್ಳಲ್ಲ. ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ಹೋಯ್ತಲ್ಲ ಅಂತ ಹೊಟ್ಟೆ ಉರ್ಕೊಳ್ತೀವಿ. ಮರದ ವ್ಯಾಪಾರಿ ಬರ್ತಾನೆ, ಕಣ್ಣಳತೆಯಲ್ಲೇ ಒಂದು ರೇಟು ಹೇಳ್ತಾನೆ, ಲಾರಿಗೆ ತುಂಬ್ತಾನೆ. ಅದು ಪ್ಲೈವುಡ್ ಫ್ಯಾಕ್ಟರಿಗೆ ಹೋಗುತ್ತೆ, ಇಲ್ಲ ಪ್ಯಾಕಿಂಗ್ ಪೆಟ್ಟಿಗೆ ಆಗುತ್ತೆ, ಇಲ್ಲ ಸೆಂಟ್ರಿಂಗ್ ಹಲಗೆ. ಸಾಗುವಾನಿ ಬೆಲೆಯ ಕಾಲು ಭಾಗವೂ ಸಿಗಲ್ಲ. ಆಸ್ಟ್ರೇಲಿಯಾದಿಂದ ಬಂದ ಮರ ಇದು, ಅಲ್ಲಿ ಒಂದು ಕಾಲದಲ್ಲಿ ಇದರಲ್ಲೇ ಕಪಾಟು, ಮೇಜು ಮಾಡುತ್ತಿದ್ದರಂತೆ. ನಮಗೆ ಮಾತ್ರ ಇದು ನೆರಳಿನ ಮರ, ಬಳ್ಳಿ ಹಬ್ಬಿಸೋ ಕಂಬ.

ಗೋಡೌನಿಗೆ ಮಾಡು ಆಗಬೇಕಿತ್ತು. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ. ಕಂಟ್ರಾಕ್ಟರ್ ಬಂದವರೇ "ಮೋಲ್ಡ್ ಹಾಕ್ಬಿಡಿ ಗೌಡ್ರೆ, ತಲೆನೋವಿರಲ್ಲ" ಅಂದರು. ಮೋಲ್ಡ್ ಅಂದರೆ ಕಾಂಕ್ರೀಟ್ ಛಾವಣಿ. ಮಲೆನಾಡಿನಲ್ಲಿ ಅದನ್ನು ಹಾಕಿದವರ ಕಥೆ ಗೊತ್ತಲ್ವಾ? ಎರಡು ಮಳೆಗಾಲಕ್ಕೆ ತೇವ ಇಳಿಯುತ್ತೆ, ಮೂರನೇ ವರ್ಷ ಅದರ ಮೇಲೆ ಪೈಪ್ ನಿಲ್ಲಿಸಿ ಶೀಟ್ ಹೊದಿಸ್ತಾರೆ. ಮಾಡಿಗೊಂದು ಮಾಡು. ಹಾಗಾದ್ರೆ ಮೊದಲೇ ಶೀಟ್ ಹಾಕೋಣ ಅಂದ್ರೆ, ಶೀಟಿನ ಕೆಳಗೆ ಬೆವರು ಹನಿಯುತ್ತೆ, ಕಾಫಿ ಚೀಲಕ್ಕೆ ಅದು ಆಗಲ್ಲ. ಹಳೇ ಮಂಗಳೂರು ಹೆಂಚು ಸುಮಾರು ಒಡೆಯದೆ ಉಳಿದಿತ್ತು. ಹೆಂಚಿಗೆ ಮರ ಬೇಕು. ಹಳೇ ಮಾಡು ಅಜ್ಜನ ಕಾಲದ ನಂದಿ, ಮತ್ತಿ ಮರದ್ದು. ಅಂಥ ಮರ ಈಗ ಕೊಳ್ಳೋ ಮಾತೇ ಇಲ್ಲ.

ಬಿದ್ದ ಸಿಲ್ವರ್ ಮೇಲೆ ಆಗ ಕಣ್ಣು ಬಿತ್ತು. ಅಳಿಯ, ಅಂದರೆ ಅಕ್ಕನ ಮಗ, ಬೆಂಗಳೂರಲ್ಲಿ ಕಟ್ಟಡದ ಎಂಜಿನಿಯರ್. ಫೋನ್ ಮಾಡಿದೆ. ನಗ್ತಾನೆ ಅಂದ್ಕೊಂಡಿದ್ದೆ, ನಗಲಿಲ್ಲ. "ಮಾಡಬಹುದು ಮಾವ. ಆದ್ರೆ ಸಾಗುವಾನಿ ಥರ ನಾಲ್ಕಿಂಚು ಆರಿಂಚಿನ ತೊಲೆ ಕೊಯ್ಸೋದು ಬೇಡ. ದಪ್ಪ ಮರ ಒಣಗಲ್ಲ, ಔಷಧಿ ಒಳಗೆ ಇಳಿಯಲ್ಲ. ಎಲ್ಲಾ ಒಂದೂವರೆ ಇಂಚಿನ ಹಲಗೆ ಕೊಯ್ಸಿ, ಎರಡು ಮೂರು ಸೇರಿಸಿ ಬೋಲ್ಟ್ ಹಾಕೋಣ" ಅಂದ. ಆ ಒಂದು ಮಾತಿನ ಮೇಲೆ ಮುಂದಿನದೆಲ್ಲ ನಿಂತಿತು.

ಮೊದಲ ಪ್ರಯತ್ನ ಪೂರ್ತಿ ಮಣ್ಣುಪಾಲು. ಬಿದ್ದ ಏಳು ಮರವನ್ನೇ ಬಳಸೋಣ ಅಂತ ಆಸೆ. ಆದರೆ ರಸ್ತೆ ಕಿತ್ತು ಹೋಗಿತ್ತು, ಸಾಮಿಲ್‌ನಲ್ಲಿ ಜನ ಇರಲಿಲ್ಲ, ಆಮೇಲೆ ನಮ್ಮದೇ ಸೋಮಾರಿತನ. ದಿಮ್ಮಿಗಳು ಹಸಿ ನೆಲದ ಮೇಲೆ ನವೆಂಬರ್ ತನಕ ಬಿದ್ದಿದ್ದವು. ಕೊನೆಗೆ ಒಂದನ್ನು ಸೀಳಿ ನೋಡಿದರೆ ಒಳಗೆಲ್ಲ ಶಾಯಿ ಚೆಲ್ಲಿದ ಹಾಗೆ ನೀಲಿ ಕಲೆ, ಗುಂಡುಸೂಜಿಯಲ್ಲಿ ಚುಚ್ಚಿದಂಥ ತೂತು. ಬೂಷ್ಟು, ಹುಳ ಎರಡೂ ಸೇರಿ ಹಬ್ಬ ಮಾಡಿದ್ದವು. ಸಿಲ್ವರ್‌ಗೆ ಕೆಟ್ಟ ಹೆಸರು ಬಂದಿರೋದು ಅರ್ಧ ಹೀಗೇ. ಕಡಿದು ಒಂದೆರಡು ವಾರದೊಳಗೆ ಕೊಯ್ದರೆ ಅದು ಒಂದು ಮರ, ಮೂರು ತಿಂಗಳು ಬಿಟ್ಟರೆ ಬೇರೆಯದೇ ಮರ. ಏಳನ್ನೂ ವ್ಯಾಪಾರಿ ಕೇಳಿದ ರೇಟಿಗೆ ಕೊಟ್ಟು ಕೈ ತೊಳ್ಕೊಂಡೆ.

ಎರಡನೇ ಸಲ ನಿಂತ ಮರವನ್ನೇ ಆರಿಸಿದೆವು. ಸೊರಗು ರೋಗ ಬಂದು ಬಳ್ಳಿ ಸತ್ತಿದ್ದ ಐದು ಮರ, ಬುಡದಲ್ಲಿ ಸುಮಾರು ಐದಡಿ ಸುತ್ತಳತೆ, ಹೇಗಿದ್ದರೂ ನೆರಳು ಜಾಸ್ತಿ ಅಂತ ತೆಗೆಯಬೇಕಿದ್ದವು. ಸಿಲ್ವರ್ ಕಡಿಯೋಕೆ ಅನುಮತಿ ಬೇಕಿಲ್ಲ. 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇರುವ ಮರಗಳ ಪಟ್ಟಿಯಲ್ಲಿ ನೀಲಗಿರಿ, ಗಾಳಿಮರ, ರಬ್ಬರ್ ಜೊತೆ ಇದೂ ಇದೆ. ಈ ವಿನಾಯಿತಿಯ ಇನ್ನೊಂದು ಮುಖ ಇದೆ, ಅದನ್ನು ಆಮೇಲೆ ಹೇಳ್ತೀನಿ.

ನಮ್ಮ ಮರಗೆಲಸದ ಆಚಾರ್ರು ಅಮಾವಾಸ್ಯೆ ಹತ್ತಿರವೇ ಕಡೀಬೇಕು ಅಂತ ಹಟ ಹಿಡಿದರು. ಹುಣ್ಣಿಮೆಗೆ ಕಡಿದರೆ ಮರ ಕೊರೆಯೋ ಕುಟ್ಟೆ ಹುಳ ಹಿಡಿಯುತ್ತಂತೆ. ಅಳಿಯ ಇದಕ್ಕೆ ಮಾತ್ರ ನಕ್ಕ. ನನಗೆ ಕಳ್ಕೊಳ್ಳೋದೇನೂ ಇರಲಿಲ್ಲ. 2020ರ ಜನವರಿ 24ಕ್ಕೆ ಅಮಾವಾಸ್ಯೆ, ಮೂರು ದಿನ ಮುಂಚೆ ಕಡಿಸಿದೆವು. ದಿಮ್ಮಿಯ ತುದಿಗಳಿಗೆ ಕೂಡಲೇ ಹಳೇ ಪೇಂಟ್ ಬಳಿದೆ. ತುದಿಯಿಂದಲೇ ನೀರು ಬೇಗ ಹೋಗೋದು, ಅಲ್ಲಿಂದಲೇ ಸೀಳು ಶುರುವಾಗೋದು.

ಸಾಮಿಲ್‌ನವರು ಅಳತೆ ಹಿಡಿದರು. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸೋದು. ಇಂಗ್ಲಿಷರ ಕಾಲದ ಲೆಕ್ಕ ಇದು, ಮರದ ನಿಜವಾದ ಗಾತ್ರದಲ್ಲಿ ನೂರಕ್ಕೆ 78 ಭಾಗ ಮಾತ್ರ ಲೆಕ್ಕಕ್ಕೆ ಬರುತ್ತೆ. ಮರ ಮಾರುವವರಿಗೆ ಇದು ಗೊತ್ತಿದ್ದರೆ ಒಳ್ಳೇದು, ನನಗೆ ಐವತ್ತೈದು ವರ್ಷ ಗೊತ್ತಿರಲಿಲ್ಲ. ನಮ್ಮ ಐದು ಮರ ಸೇರಿ 230 ಘನ ಅಡಿ, ಅಂದರೆ ಸಿಎಫ್‌ಟಿ ಆಯ್ತು. "ಸೆಂಟ್ರಿಂಗಿಗಾ?" ಅಂತ ಕೇಳಿದರು. ಮಾಡಿಗೆ ಅಂದೆ. ಮುಖ ನೋಡಿದರು, ಕೊಯ್ದರು. ಕೈಗೆ ಸಿಕ್ಕಿದ್ದು 105 ಸಿಎಫ್‌ಟಿ ಹಲಗೆ. ಉಳಿದಿದ್ದು ಹೊರಮೈ ಚೆಕ್ಕೆ, ಹೊಟ್ಟು. ಒಂದು ವಿಷಯ ಮುಂಚೆ ಯಾರೂ ಹೇಳಿರಲಿಲ್ಲ. ಸಿಲ್ವರ್ ಹೊಟ್ಟು ಕೆಲವರ ಮೈಗೆ ಆಗಲ್ಲ. ಹಲಗೆ ಎತ್ತಿದ ಇಬ್ಬರಿಗೆ ಕೈ, ಕತ್ತೆಲ್ಲ ಕೆಂಪಗೆ ದದ್ದು ಎದ್ದು ನಾಲ್ಕು ದಿನ ತುರಿಕೆ. ಆಮೇಲೆ ಎಲ್ಲರಿಗೂ ತುಂಬು ತೋಳಿನ ಅಂಗಿ, ಗ್ಲೌಸ್.

ಇನ್ನು ಔಷಧಿ. ಅಸಲಿ ಕೆಲಸ ಇದೇ.

ಸಿಲ್ವರ್‌ಗೆ ಗೆದ್ದಲು, ಕುಟ್ಟೆ ಹುಳ ಎರಡೂ ಸುಲಭಕ್ಕೆ ಹತ್ತುತ್ತವೆ. ರಬ್ಬರ್ ಮರಕ್ಕೆ ಫ್ಯಾಕ್ಟರಿಗಳಲ್ಲಿ ಬೋರಾನ್ ಉಪ್ಪು ಕೊಡ್ತಾರಲ್ಲ, ಅದನ್ನೇ ಮನೆಯಲ್ಲಿ ಮಾಡಿದೆವು. ಎರಡೇ ಸಾಮಾನು. ಒಂದು ಬೋರಾಕ್ಸ್, ಅಂದರೆ ಅಕ್ಕಸಾಲಿಗರ ಹತ್ತಿರ ಇರುವ ಬಿಳಿಗಾರ. ಇನ್ನೊಂದು ಬೋರಿಕ್ ಆಸಿಡ್, ಕೇರಂ ಬೋರ್ಡಿಗೆ ಉದುರಿಸುವ ಪುಡಿ. ಬೇರೆ ಬೇರೆ ಹಾಕಿದರೆ ನೀರಲ್ಲಿ ಅಷ್ಟಾಗಿ ಕರಗಲ್ಲ, ಒಂದೂವರೆ ಪಾಲಿಗೆ ಒಂದು ಪಾಲಿನಂತೆ ಸೇರಿಸಿದರೆ ಚೆನ್ನಾಗಿ ಕರಗುತ್ತೆ. ಕಣದ ಮೂಲೆಯಲ್ಲಿ ಸಿಮೆಂಟ್ ಇಟ್ಟಿಗೆ ಜೋಡಿಸಿ ಹದಿನೈದು ಅಡಿ ಉದ್ದದ ತೊಟ್ಟಿ ಮಾಡಿ, ಒಳಗೆ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಹಾಸಿದೆವು. 700 ಲೀಟರ್ ನೀರಿಗೆ 42 ಕೇಜಿ ಬಿಳಿಗಾರ, 28 ಕೇಜಿ ಬೋರಿಕ್. ತಣ್ಣೀರಿಗೆ ಸುರಿದರೆ ತಳಕ್ಕೆ ಕೂತ್ಕೊಳ್ಳುತ್ತೆ, ಹಾಗಾಗಿ ಬಚ್ಚಲು ಹಂಡೆಯಲ್ಲಿ ನೀರು ಕಾಯಿಸಿ, ಬಕೆಟ್‌ನಲ್ಲಿ ಹೊತ್ತು, ಕರಗಿಸಿ ಹಾಕಬೇಕು. ಮನೆಯವಳು ಮೂರನೇ ದಿನಕ್ಕೆ "ನಮಗೆ ಸ್ನಾನಕ್ಕೆ ನೀರಿಲ್ಲ, ಹಲಗೆಗೆ ದಿನಾ ಅಭ್ಯಂಜನ" ಅಂದಳು.

ಇಲ್ಲಿ ನಾನು ತಿಳಿದದ್ದು ಉಲ್ಟಾ ಆಗಿತ್ತು. ಮರ ಒಣಗಿಸಿ ಆಮೇಲೆ ಔಷಧಿ ಅಂತ ಅಂದ್ಕೊಂಡಿದ್ದೆ. ಈ ವಿಧಾನಕ್ಕೆ ಮರ ಹಸಿ ಇರಬೇಕು. ಒಳಗಿನ ನೀರಿನ ದಾರಿ ಹಿಡಿದೇ ಉಪ್ಪು ಒಳಗೆ ಇಳಿಯೋದು. ಹಾಗಾಗಿ ಸರದಿ ಕಾಯೋ ಹಲಗೆಗಳ ಮೇಲೆ ಒದ್ದೆ ಗೋಣಿ ಹಾಸಿ, ದಿನಾ ನೀರು ಚಿಮುಕಿಸ್ತಿದ್ದೆವು. ಒಂದು ಕಂತು ನಾಲ್ಕು ದಿನ ತೊಟ್ಟಿಯಲ್ಲಿ, ಆಮೇಲೆ ಹೊರಗೆ ತೆಗೆದು ಒತ್ತೊತ್ತಾಗಿ ಜೋಡಿಸಿ ಟಾರ್ಪಾಲ್‌ನಲ್ಲಿ ಗಾಳಿ ಆಡದ ಹಾಗೆ ಸುತ್ತಿ ನಾಲ್ಕು ವಾರ. ಮೇಲ್ಮೈಯಲ್ಲಿ ಹತ್ತಿದ ಉಪ್ಪು ಆ ನಾಲ್ಕು ವಾರದಲ್ಲಿ ನಡುವಿನ ತನಕ ಹೋಗುತ್ತೆ. ಒಟ್ಟು ಆರು ಕಂತು.

ಹೋಯ್ತಾ ಇಲ್ವಾ ಅಂತ ಗೊತ್ತಾಗೋದು ಹೇಗೆ? ಅರಿಶಿನ! ಅಳಿಯ ಹೇಳಿದಾಗ ತಮಾಷೆ ಅಂದ್ಕೊಂಡೆ. ಅರಿಶಿನವನ್ನು ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿ, ಹಲಗೆಯನ್ನು ನಡುವೆ ಕೊಯ್ದು ಆ ಮುಖಕ್ಕೆ ಬಳಿಯೋದು. ಒಣಗಿದ ಮೇಲೆ ಅವನು ಕೊಟ್ಟು ಕಳಿಸಿದ್ದ ಆಸಿಡ್ ಬೆರೆಸಿದ ಇನ್ನೊಂದು ದ್ರಾವಣ ಹಚ್ಚೋದು. ಬೋರಾನ್ ಇರೋ ಕಡೆ ಕುಂಕುಮದ ಹಾಗೆ ಕೆಂಪು, ಇಲ್ಲದ ಕಡೆ ಹಳದಿಯಾಗೇ ಉಳಿಯುತ್ತೆ. ಮೊದಲ ಕಂತಿನ ಹಲಗೆಯನ್ನು ಎರಡೇ ವಾರಕ್ಕೆ ಅವಸರದಲ್ಲಿ ಬಿಚ್ಚಿ ನೋಡಿದ್ದೆ. ಅಂಚೆಲ್ಲ ಕೆಂಪು, ನಡುವೆ ಬೆರಳಗಲ ಹಳದಿ ಪಟ್ಟಿ. ಮತ್ತೆ ಸುತ್ತಿಟ್ಟೆವು. ನಾಲ್ಕು ವಾರಕ್ಕೆ ಪೂರ್ತಿ ಕೆಂಪು. ಆಚಾರ್ರು ಆ ತುಂಡನ್ನು ಜೇಬಿಗೆ ಹಾಕ್ಕೊಂಡು ಹೋದರು, ಊರಿಗೆಲ್ಲ ತೋರಿಸೋಕೆ.

ಉಳಿದ ನೀರನ್ನು ಕಾಫಿ ಬುಡಕ್ಕೆ ಚೆಲ್ಲಬೇಡಿ. ಬೋರಾನ್ ಕಾಫಿ ಗಿಡಕ್ಕೆ ಬೇಕು, ಎಲೆಗೆ ಹೊಡೀತೀವಿ ಕೂಡ, ಆದರೆ ಅದು ಚಿಟಿಕೆ ಲೆಕ್ಕ. ಇಷ್ಟು ಗಟ್ಟಿ ಬಿದ್ದರೆ ಗಿಡ ಸಾಯುತ್ತೆ. ನಾವು ಪ್ರತಿ ಕಂತಿಗೂ ಅದೇ ನೀರಿಗೆ ಹೊಸದು ಸೇರಿಸ್ತಾ ಹೋಗಿ, ಕೊನೆಗೆ ಉಳಿದದ್ದನ್ನು ತೊಟ್ಟಿಯಲ್ಲೇ ಬಿಸಿಲಿಗೆ ಬಿಟ್ಟು ಪುಡಿ ಕೆರೆದು ಡಬ್ಬಿಗೆ ತುಂಬಿದೆವು.

ಕೊನೆಯ ಕಂತು ಟಾರ್ಪಾಲ್ ಒಳಗೆ ಇರುವಾಗಲೇ ಲಾಕ್‌ಡೌನ್ ಬಂತು. ಆಚಾರ್ರು ಬರೋ ಹಾಗಿಲ್ಲ. ಬೆಂಗಳೂರಿನಲ್ಲಿದ್ದ ಮಗ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದ. ಅವನೂ ನಾನೂ ಸೇರಿ ಇನ್ನೊಂದು ಶೆಡ್‌ನಲ್ಲಿ ಎಲ್ಲಾ ಹಲಗೆ ಅಟ್ಟಿ ಹಾಕಿದೆವು. ನೆಲದಿಂದ ಒಂದೂವರೆ ಅಡಿ ಮೇಲೆ, ಎರಡು ಅಡಿಗೊಂದು ಪಟ್ಟಿ ಕೊಟ್ಟು, ಪಟ್ಟಿಗಳೆಲ್ಲ ಒಂದರ ಮೇಲೊಂದು ನೇರಕ್ಕೆ ಬರೋ ಹಾಗೆ, ತಲೆಯ ಮೇಲೆ ಕಲ್ಲಿನ ಭಾರ. ಮರ ತಿರುಚದಿರಲಿ ಅಂತ ಈ ಭಾರ. ಆದರೂ ಕೆಲವು ತಿರುಚಿದವು. ಮೇ ತಿಂಗಳಿಗೇ ಜೋಡಿಸಿಬಿಡೋ ಅವಸರ ನನ್ನದಿತ್ತು, ಲಾಕ್‌ಡೌನ್ ಅದಕ್ಕೆ ಕಡಿವಾಣ ಹಾಕಿತು. ಮಳೆಗಾಲದಲ್ಲಿ ಒಣಗೋದು ನಿಂತೇ ಹೋಗುತ್ತೆ, ನಮ್ಮ ಗಾಳಿಯೇ ಒದ್ದೆ. ಅಕ್ಟೋಬರ್ ಬಿಸಿಲು ಬಂದ ಮೇಲೆ ತೇವದ ಮೀಟರ್ ಚುಚ್ಚಿ ನೋಡಿದರೆ ನೂರಕ್ಕೆ 15, 16 ತೋರಿಸ್ತಿತ್ತು. ಇಲ್ಲಿನ ಹವೆಗೆ ಅದಕ್ಕಿಂತ ಕಡಿಮೆ ಕೇಳೋದು ದುರಾಸೆ.

ಆಮೇಲೆ ಹಲಗೆಗಳ ಪರೀಕ್ಷೆ. ಮರಕ್ಕೂ ಐಎಸ್ 883 ಅಂತ ಭಾರತೀಯ ಮಾನಕದ ಕೋಡ್ ಇದೆ, ಅದರಲ್ಲಿ ಮರಗಳನ್ನು ಎ, ಬಿ, ಸಿ ಅಂತ ಬಿಗಿತದ ಮೇಲೆ ಮೂರು ಗುಂಪು ಮಾಡಿದ್ದಾರೆ. ಅಳಿಯ ನಮ್ಮದನ್ನು ಕೆಳಗಿನ ಸಿ ಗುಂಪು ಅಂತಲೇ ಇಟ್ಕೊಂಡು ಲೆಕ್ಕ ಹಾಕಿದ್ದ. "ಆದ್ರೂ ಒಂದೊಂದು ಹಲಗೆನೂ ಬಗ್ಗಿಸಿ ನೋಡಿ ಮಾವ, ಮರ ಫ್ಯಾಕ್ಟರಿ ಮಾಲಲ್ಲ" ಅಂದ. ಹತ್ತು ಅಡಿ ದೂರಕ್ಕೆ ಎರಡು ಕಲ್ಲು, ಆರಿಂಚು ಅಗಲದ ಹಲಗೆಯನ್ನು ಅದರ ಮೇಲೆ ಅಂಗಾತ ಮಲಗಿಸಿ, ನಡುವೆ ಒಂದು ಮೂಟೆ ಸಿಮೆಂಟ್ ಇಟ್ಟು ಎಷ್ಟು ಬಗ್ಗುತ್ತೆ ಅಂತ ಅಳೆಯೋದು. ಹೆಚ್ಚಿನವು 45ರಿಂದ 55 ಮಿಲಿಮೀಟರ್ ಬಗ್ಗಿದವು. 65ಕ್ಕಿಂತ ಜಾಸ್ತಿ ಬಗ್ಗಿದ್ದನ್ನು, ನಡುವೆ ದೊಡ್ಡ ಗಂಟಿದ್ದದ್ದನ್ನು, ತಿರುಚಿದ್ದನ್ನು ಪಕ್ಕಕ್ಕೆ ಹಾಕಿದೆವು. 15 ಸಿಎಫ್‌ಟಿ ಹೋಯ್ತು, 90 ಉಳಿಯಿತು. ಆ ಸಿಮೆಂಟ್ ಮೂಟೆ ಗೋಡೆ ಪ್ಲಾಸ್ಟರಿಗೆ ತಂದಿದ್ದು. ಎರಡು ದಿನ ಎತ್ತಿ ಇಳಿಸಿದ ಮಗನ ಸೊಂಟ ಒಂದು ವಾರ ಕೆಲಸ ಮಾಡಲಿಲ್ಲ.

ಜೋಡಣೆ ವಿಷಯ ಬೇಗ ಹೇಳಿ ಮುಗಿಸ್ತೀನಿ. ಐದಡಿಗೊಂದರಂತೆ ಐದು ಕತ್ತರಿ (ಮಾಡು ಹೊರುವ ತ್ರಿಕೋನದ ಚೌಕಟ್ಟು), ಎರಡು ತುದಿಗೆ ಗೋಡೆಯೇ ಆಧಾರ. ಕತ್ತರಿಯ ಮೇಲಿನ ಕೈ, ಕೆಳಗಿನ ಅಡ್ಡ ಎರಡೂ ಜೋಡಿ ಹಲಗೆ, ಅವುಗಳ ನಡುವೆ ನೆಟ್ಟಗೆ ನಿಲ್ಲೋ ಗುಜ್ಜು, ಓರೆಪಟ್ಟಿ ಸ್ಯಾಂಡ್‌ವಿಚ್ ಥರ. ಕೂಡುವಲ್ಲೆಲ್ಲ 12 ಮಿಲಿಮೀಟರಿನ ಜಿಐ ಬೋಲ್ಟು, ದೊಡ್ಡ ವಾಷರ್. ಆಚಾರ್ರಿಗೆ ಇದು ಇಷ್ಟವೇ ಆಗಲಿಲ್ಲ. ಅವರ ಕೈ ಕಚ್ಚು ಹಾಕಿ ಬೆಸೆಯೋ ಕೈ. "ಇದೇನ್ ಗೌಡ್ರೆ, ಲಾರಿ ಬಾಡಿ ಕಟ್ಟೋ ಹಾಗಿದೆ" ಅಂತ ಮೊದಲ ಕತ್ತರಿ ಮುಗಿಯೋ ತನಕ ಗೊಣಗಿದರು. ಆಮೇಲೆ ಆರೇ ಜನ ಅದನ್ನು ಹೊತ್ತು ಗೋಡೆ ಮೇಲೆ ಕೂರಿಸಿದ್ದು ನೋಡಿ ಸುಮ್ಮನಾದರು. ತೂಕ 125 ಕೇಜಿ ಇದ್ದಿರಬಹುದು. ಅದರ ಮೇಲೆ ಬಂದ ಹೆಂಚು 1,300, ಒಂದಕ್ಕೆ ಎರಡು ಎರಡೂವರೆ ಕೇಜಿ ಹಿಡಿದರೆ ಮೂರು ಟನ್. ಮಳೆ ನೆನೆದರೆ ಇನ್ನೂ ಜಾಸ್ತಿ. ಪಕಾಸು, ಅಂದರೆ ಇಳಿಜಾರಿಗೆ ಹಾಕೋ ಮರ, ಸಿಲ್ವರ್‌ದೇ, ಹೆಂಚು ಕೂರೋ ರೀಪಿಗೆ ಮಾತ್ರ ನಮ್ಮ ಹಿರಿಯರು ಮಾಡ್ತಿದ್ದ ಹಾಗೆ ಬಲಿತ ಅಡಿಕೆ ದಬ್ಬೆ. ಅಡಿಕೆ ಮರವನ್ನು ಲೆಕ್ಕಕ್ಕೇ ಇಡದವರು ನಾವು, ನಾಲ್ಕು ತಲೆಮಾರು ನಮ್ಮ ತಲೆ ಮೇಲಿನ ಹೆಂಚು ಹೊತ್ತಿದ್ದು ಅದೇ. ಕತ್ತರಿ ಕೂರುವಲ್ಲಿ ಗೋಡೆ ಮೇಲೆ ಕಲ್ಲು, ಸುತ್ತ ಗಾಳಿ ಆಡೋಕೆ ಜಾಗ. ಸೂರು ಎರಡಡಿ ಹೊರಗೆ. ಬೋರಾನ್‌ಗೆ ಇರೋ ದೊಡ್ಡ ದೋಷವೇ ಅದು, ಮಳೆನೀರು ತಾಗಿದರೆ ತೊಳೆದು ಹೋಗುತ್ತೆ.

2021ರ ಫೆಬ್ರವರಿಯಲ್ಲಿ ಹೆಂಚು ಹೊದಿಸಿ ಆಯ್ತು. ಆ ರಾತ್ರಿ ಮಗ, ಅಳಿಯ ಫೋನಿನಲ್ಲೇ ಇಂಗಾಲದ ಲೆಕ್ಕ ಹಾಕ್ತಾ ಕೂತರು. 90 ಸಿಎಫ್‌ಟಿ ಅಂದ್ರೆ ಎರಡೂವರೆ ಘನ ಮೀಟರ್. ನೀರು ಕಳೆದರೆ ಒಣಮರ 1,300 ಕೇಜಿ ಆಸುಪಾಸು, ಅದರಲ್ಲಿ ಅರ್ಧ ಇಂಗಾಲ. ಮರ ಬೆಳೆಯೋವಾಗ ಗಾಳಿಯಿಂದ ಎಳೆದುಕೊಂಡ ಕಾರ್ಬನ್ ಡೈ ಆಕ್ಸೈಡ್ ಲೆಕ್ಕಕ್ಕೆ ತಂದರೆ 2.4 ಟನ್ ಮಾಡಿನಲ್ಲಿ ಕೂತಿದೆ. ಮೋಲ್ಡ್ ಹಾಕಿದ್ದರೆ ಐದಿಂಚು ದಪ್ಪಕ್ಕೆ ಏಳು ಘನ ಮೀಟರ್ ಕಾಂಕ್ರೀಟು, ಐವತ್ತು ಚೀಲ ಸಿಮೆಂಟು, ಅರ್ಧ ಟನ್ ಮೇಲೆ ಕಬ್ಬಿಣ. ಅಷ್ಟು ಮಾಡೋಕೆ ಮೂರು ಟನ್ ಹತ್ತಿರ ಗಾಳಿಗೆ ಹೋಗ್ತಿತ್ತು. ಕೇಳೋಕೆ ಚೆನ್ನಾಗಿದೆ. ಆದರೆ ನಾನು ಒಂದು ಮಾತು ಸೇರಿಸಿದೆ: ಸಾಮಿಲ್‌ನಲ್ಲಿ ಉಳಿದ ಅರ್ಧಕ್ಕಿಂತ ಜಾಸ್ತಿ ಮರ ಹಂಡೆ ಒಲೆಗೆ ಹೋಯ್ತಲ್ಲ, ಅದರ ಹೊಗೆ ಎಲ್ಲಿ ಬರೆದಿರಿ? ಇಬ್ಬರೂ ಸುಮ್ಮನಾದರು. ನಿಜ ಹೇಳಬೇಕೆಂದರೆ ಅದೇ ಮರ ಪ್ಯಾಕಿಂಗ್ ಪೆಟ್ಟಿಗೆ ಆಗಿದ್ದರೆ ಎರಡು ವರ್ಷದಲ್ಲಿ ಪೂರ್ತಿ ಒಲೆಗೇ ಹೋಗ್ತಿತ್ತು. ಕಡಿದ ಐದರ ಜಾಗಕ್ಕೆ ಗಿಡ ಇಟ್ಟಿದ್ದೀನಿ, ಲೆಕ್ಕ ಕೂಡಬೇಕಾದರೆ ಅವು ಬದುಕಬೇಕು.

ಖರ್ಚು ಕೇಳ್ತೀರಿ ಅಲ್ವಾ? ಮರದ್ದು ಕಡಿಮೆ, ಕೂಲಿದು ಜಾಸ್ತಿ. ನಮ್ಮ ಮೈ ಕೆಲಸವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮೋಲ್ಡ್‌ಗಿಂತ ಅಗ್ಗ. ಹಿಡಿದರೆ ಸರಿಸುಮಾರು ಅಷ್ಟೇ. ಸಿಲ್ವರ್ ಯಾಕೆ ಅಗ್ಗ ಅಂತ ಆಗ ಗೊತ್ತಾಯ್ತು. ಬೀಟೆ, ಸಾಗುವಾನಿಗೆ ಮರವೇ ಮಾಡಿಕೊಳ್ಳೋ ಕೆಲಸವನ್ನು ಇದಕ್ಕೆ ನಾವು ಮಾಡಿಕೊಡಬೇಕು.

ತಪ್ಪುಗಳೂ ಆಗಿವೆ. ಮೊದಲ ಬೇಸಿಗೆಗೆ ಮರ ಇನ್ನಷ್ಟು ಕುಗ್ಗಿ ಬೋಲ್ಟುಗಳೆಲ್ಲ ಸಡಿಲ ಆಗಿದ್ದವು, ಕೈಯಲ್ಲೇ ತಿರುಗಿಸಬಹುದಿತ್ತು. ಏಣಿ ಹಾಕಿ ಒಂದೊಂದೇ ಬಿಗಿ ಮಾಡಿದೆವು. 2023ರಲ್ಲಿ ಮಂಗ ಒಡೆದ ಹೆಂಚು ಗಮನಿಸದೆ ಒಂದು ಮಳೆಗಾಲ ಬಿಟ್ಟಿದ್ದಕ್ಕೆ ಸೂರಿನ ಹತ್ತಿರ ಒಂದು ಪಕಾಸು ಲಡ್ಡಾಗಿತ್ತು. ಸ್ಕ್ರೂಡ್ರೈವರ್ ಹಿಡಿ ತನಕ ಒಳಗೆ ಹೋಯ್ತು. ಬೇರೆ ಹಾಕಿದೆವು, ಸೂರಿನ ತುದಿಗಳಿಗೆಲ್ಲ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿದೆವು. ಇದನ್ನು ಮೊದಲೇ ಮಾಡಬೇಕಿತ್ತು. ಕುಟ್ಟೆ ಮಾತ್ರ ಎಲ್ಲೂ ಕಂಡಿಲ್ಲ. ಅದು ಅರಿಶಿನ ಕೆಂಪಾಗಿದ್ದಕ್ಕೆ ಅಂತ ಅಳಿಯ, ಅಮಾವಾಸ್ಯೆಗೆ ಅಂತ ಆಚಾರ್ರು.

ವಿನಾಯಿತಿಯ ಇನ್ನೊಂದು ಮುಖ ಅಂದೆನಲ್ಲ. ನಮ್ಮ ತೋಟಗಳಲ್ಲಿ ಮೊದಲು ಹಲಸು, ಅತ್ತಿ, ಹೊನ್ನೆ, ನಂದಿ ನೆರಳಿತ್ತು. ಕಾಡುಮರ ಕಡಿಯೋಕೆ ಇಲಾಖೆಯ ಅನುಮತಿ ಬೇಕು, ಸಿಲ್ವರ್‌ಗೆ ಬೇಡ, ಅದು ಬೇಗ ಬೆಳೆಯುತ್ತೆ, ನೆಟ್ಟಗೆ ಹೋಗುತ್ತೆ. ಸುಮ್ನೆ ಕೂತಲ್ಲೇ ಒಂದೊಂದಾಗಿ ಕಾಡುಮರ ಹೋಗಿ ಸಿಲ್ವರ್ ಬಂತು, ನಮ್ಮಲ್ಲೂ ಹಾಗೇ ಆಗಿದೆ. ಈಗ ಸಿಲ್ವರ್‌ಗೆ ಒಳ್ಳೇ ಬೆಲೆ ಬಂದರೆ ಉಳಿದ ನಾಲ್ಕು ಅತ್ತಿ ಮರದ ಗತಿ ಏನು? ಈ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೇ ಉತ್ತರ ಇಲ್ಲ. ಕಡಿದ ಐದು ಸಿಲ್ವರ್ ಜಾಗಕ್ಕೆ ಎರಡು ಸಿಲ್ವರ್, ಮೂರು ಹಲಸು ನೆಟ್ಟೆ, ಅಷ್ಟೇ ಮಾಡಿದ್ದು.

ಪಕ್ಕಕ್ಕೆ ಹಾಕಿದ್ದ ಹಲಗೆಗಳಲ್ಲಿ ಆಚಾರ್ರು ಒಂದು ಬೆಂಚು ಮಾಡಿಕೊಟ್ಟಿದ್ದಾರೆ. ರಂದ ಹೊಡೆದ ಮೇಲೆ ಮೀನಿನ ಹುರುಪೆಯ ಹಾಗೆ ಮಿನುಗೋ ಚುಕ್ಕೆ ಚುಕ್ಕೆ ವಿನ್ಯಾಸ ಬಂತು, ಬಂದವರೆಲ್ಲ ಯಾವ ಮರ ಅಂತ ಕೇಳ್ತಾರೆ. ಮಗ ಈಗ ಮನೆಗೆ ಒಂದು ಅಟ್ಟ ಆಗಬೇಕು ಅಂತಿದ್ದಾನೆ, ಇನ್ನು ಮೂರು ಮರ ಗುರುತು ಹಾಕಿದ್ದೀವಿ. ಆಚಾರ್ರು ಬರ್ತೀನಿ ಅಂದಿದ್ದಾರೆ, ಪಂಚಾಂಗ ನೋಡಿ ದಿನವನ್ನೂ ಅವರೇ ಹೇಳಿದ್ದಾರೆ. ಮನೆಯವಳು ಮಾತ್ರ ಔಷಧಿಗೆ ಬೇರೆ ಹಂಡೆ ತಂದ ಮೇಲೇ ಮರಕ್ಕೆ ಕೊಡಲಿ ಹಾಕೋದು ಅಂದಿದ್ದಾಳೆ. ಮೂಡಿಗೆರೆ ಸಂತೆಯಲ್ಲಿ ವಿಚಾರಿಸಬೇಕು.